ಕರೆದರೆ ಓ ಅನ್ನಬೇಕು

ನಮ್ಮ ಮನೆಯವರು ನಿಘಂಟು ಮಾಡುವ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ. ಇಷ್ಟನ್ನು ಎದುರುಮನೆಯಾಕೆಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. "ಬೆಳಗಿಂದ ಸಂಜೆ ತನಕ ಅಲ್ಲಿ ಏನು ಮಾಡ್ತಾರೆ?" ಎಂದು ಕೇಳಿದಳು. ಚೀಟಿ ಬರೀತಾರೆ ಎಂದೆ. ಅವಳು ಅದನ್ನು ದುಡ್ಡು ಕಟ್ಟುವ ಚೀಟಿ ಎಂದುಕೊಂಡು, ತನ್ನನ್ನೂ ಸೇರಿಸಿಕೊಳ್ಳಿ ಎಂದು ಎಷ್ಟೋ ದಿನ ನನ್ನ ಬೆನ್ನು ಬಿಡಲಿಲ್ಲ.

ಅವರು ಬರೆಯುವುದು ಮಾತಿನ ಚೀಟಿ. ಅಂಗೈಯಗಲದ ಕಾಗದ, ಅದರ ತಲೆಯಲ್ಲಿ ಒಂದು ಪದ, ಕೆಳಗೆ ಅದನ್ನು ಯಾರು ಯಾವ ಅರ್ಥದಲ್ಲಿ ಆಡಿದರು ಎನ್ನುವ ವಿವರ. ಪುಸ್ತಕದಲ್ಲಿ ಸಿಕ್ಕ ಮಾತಿಗಿಂತ ಜನರ ಬಾಯಲ್ಲಿ ಸಿಕ್ಕ ಮಾತಿಗೆ ಅವರ ಕಚೇರಿಯಲ್ಲಿ ಮರ್ಯಾದೆ ಹೆಚ್ಚು. ಹಾಗಾಗಿ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ನಮ್ಮವರ ಕಿವಿ ನಿಮಿರಿಯೇ ಇರುತ್ತದೆ. ಮನೆಯಲ್ಲೂ ಬಿಡುವುದಿಲ್ಲ. ನಾನು ಸಿಟ್ಟಿನಲ್ಲಿ ಏನಾದರೂ ಅಂದರೆ, ಸಿಟ್ಟು ಯಾಕೆ ಬಂತು ಎಂದು ಕೇಳುವ ಜಾತಿಯಲ್ಲ ಅದು. "ತಡಿ ತಡಿ, ಇನ್ನೊಂದ್ಸಲ ಹೇಳು" ಎಂದು ಜೇಬಿಗೆ ಕೈ ಹಾಕುತ್ತಾರೆ. ಇಂಥವರ ಜೊತೆ ಜಗಳ ಆಡಿ ಗೆಲ್ಲುವುದು ಹೇಗೆ?

ನನ್ನದು ಹೊಲಿಗೆ. ಹೊಸ ಬಟ್ಟೆ ಹೊಲಿಯುವುದಿಲ್ಲ, ಇದ್ದದ್ದನ್ನು ಸರಿಮಾಡಿ ಕೊಡುತ್ತೇನೆ. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ ಕಿತ್ತು ಬೇರೆ ಹಾಕುವುದು, ಸವೆದ ಕಾಲರನ್ನು ಬಿಚ್ಚಿ ತಿರುವಿ ಕೂರಿಸುವುದು. ಮುಂದಿನ ಕೋಣೆಯ ಕಿಟಕಿಗೆ ನನ್ನ ಮೆಷಿನ್, ಅದರ ಹಿಂದಿನ ಗೋಡೆಯಾಚೆ ನನ್ನ ಮಾವನ ಕೋಣೆ. ಮೆಷಿನ್ ಓಡುವಾಗ ಅವರು ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೇ ಒಂದು ಗೇಣು ಹೊಲಿಯುತ್ತೇನೆ, ಕಾಲು ನಿಲ್ಲಿಸುತ್ತೇನೆ, ಕಿವಿಗೊಡುತ್ತೇನೆ, ಮತ್ತೆ ಒಂದು ಗೇಣು. ಈ ರೂಢಿ ಎಷ್ಟು ಹತ್ತಿಬಿಟ್ಟಿದೆ ಎಂದರೆ, ಮಾವ ಮಲಗಿ ಗೊರಕೆ ಹೊಡೆಯುವಾಗಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಮಾವ ಬಸ್ ಡ್ರೈವರ್ ಆಗಿದ್ದವರು. ನಿವೃತ್ತರಾಗಿ ಬಹಳ ಕಾಲವಾಯಿತು, ಆದರೆ ಅವರ ಬಲಗಾಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಕುರ್ಚಿಯಲ್ಲಿ ಕೂತಲ್ಲೇ, ಬೀದಿಯಲ್ಲಿ ಯಾರಾದರೂ ಅಡ್ಡ ಓಡಿದರೆ, ನೆಲವನ್ನು ಒತ್ತಿ ಬ್ರೇಕ್ ಹಾಕುತ್ತಾರೆ. ಉಳಿದದ್ದೆಲ್ಲ ನಿಧಾನವಾಗಿ ಅಳಿಸಿಹೋಗುತ್ತಿದೆ. ಮೊದಲು ನಿನ್ನೆಮೊನ್ನೆಯದು ಹೋಯಿತು, ಆಮೇಲೆ ಮಗನ ಮದುವೆ, ಆಮೇಲೆ ಮಗನೇ ಹೋದ. ಈಗ ಮನೆಯವರನ್ನು "ಸಾರ್" ಎನ್ನುತ್ತಾರೆ. ಡಿಪೋದ ಮೇಲಧಿಕಾರಿ ಯಾರೋ ಬಂದು ಮನೆಯಲ್ಲಿ ಉಳಿದುಕೊಂಡಿದ್ದಾನೆ ಎಂದು ಅವರ ಎಣಿಕೆ ಇರಬೇಕು. ನೆನಪಿನಲ್ಲಿ ಉಳಿದವಳು ಒಬ್ಬಳೇ, ಅವರ ಅಕ್ಕ. ತಾಯಿ ಸತ್ತಮೇಲೆ ಅವರನ್ನು ಸಾಕಿದ್ದು ಆ ಅಕ್ಕನೇ. ನಾನು ಆಕೆಯನ್ನು ಫೋಟೋದಲ್ಲಿ ಬಿಟ್ಟು ಬೇರೆಲ್ಲೂ ನೋಡಿದವಳಲ್ಲ.

"ಅಕ್ಕ ಬಾಗಿಲಲ್ಲಿ ನಿಂತು ತಮ್ಮಾ ಅಂತ ಒಂದು ಕೂಗು ಹಾಕಿದ್ರೆ ಬೀದಿ ಕೊನೇವರೆಗೂ ಕೇಳೋದು," ಎಂದು ಮಾವ ನನಗೇ ಎಷ್ಟು ಸಲ ಹೇಳಿದ್ದರೋ. "ಕರೆದ್ರೆ ಓ ಅನ್ನಬೇಕು. ಏನು ಅಂದ್ರೆ ಬೀಳೋದು ಬೆನ್ನಿಗೆ. ಆಟ ಬಿಟ್ಟು, ಓ ಅಂದ್ಕೊಂಡೇ ಓಡಿಬರಬೇಕು."

ಅವರು ನನ್ನನ್ನು ಮೊದಲ ಸಲ ಅಕ್ಕಾ ಎಂದು ಕರೆದದ್ದು ಒಂದು ಸ್ವೆಟರಿನ ಒಳಗಿನಿಂದ. ತಲೆ ಒಳಗೆ, ಎರಡು ಕೈಗಳೂ ಮೇಲೆ ಸಿಕ್ಕಿಕೊಂಡು, ಕೋಣೆಯ ನಡುವೆ ನಿಂತು "ಅಕ್ಕಾ, ಅಕ್ಕಾ" ಎಂದು ಕೂಗುತ್ತಿದ್ದರು. "ಮಾವಾ, ನಾನು" ಎಂದೆ. ಒಳಗಿದ್ದವರು ಬೆಚ್ಚಿಬಿದ್ದು ಇನ್ನೂ ಜೋರಾಗಿ ಕೂಗಿದರು, ಮೊಣಕೈ ಬೀಸಿ ನನ್ನ ಗಲ್ಲಕ್ಕೆ ಹೊಡೆದರು. ಏನು ಮಾಡಲಿ? ಸುತ್ತಮುತ್ತ ನೋಡಿ, ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು, "ಓ" ಎಂದೆ. ಅಷ್ಟೇ. ಕೈಗಳು ಸಡಿಲವಾದವು. ಸ್ವೆಟರ್ ಎಳೆದೆ, ಬೆಳ್ಳಗಿನ ತಲೆ ಹೊರಗೆ ಬಂತು, ಮುಖದಲ್ಲಿ ನಗು.

ನನಗೆ ನಾಚಿಕೆಯಾಯಿತು. ಮಾವ ಸೊಸೆಯನ್ನು ಅಕ್ಕ ಎನ್ನುವುದು, ಸೊಸೆ ಅದಕ್ಕೆ ಓಗೊಡುವುದು! ಆದರೂ ಆ ಒಂದಕ್ಷರದ ಮಾತಿನಲ್ಲಿ ನನಗೊಂದು ಅನುಕೂಲ ಕಂಡಿತು. ಅದರಲ್ಲಿ ನೀನು ನೀವು ಎಂಬ ರಗಳೆ ಇಲ್ಲ. ಅಕ್ಕನಾಗಿ ಮಾತಾಡಿದರೆ ಏಕವಚನ ಬಂತು, ಮಾವನಿಗೆ ಏಕವಚನ ಎಂದರೆ ನನ್ನ ನಾಲಿಗೆ ಸೀಳಿದರೂ ಬರುವುದಿಲ್ಲ. ಬರೀ ಓ ಎಂದರೆ ಮರ್ಯಾದೆಯೂ ಕೆಡಲಿಲ್ಲ, ಸುಳ್ಳೂ ಆಡಿದಂತಾಗಲಿಲ್ಲ. ಹಾಗೆ ನಡೆಸಿಕೊಂಡು ಬಂದೆ. ಅವರು ಕರೆಯುವುದು, ನಾನು ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಮೆಲ್ಲಗೆ ಓ ಎನ್ನುವುದು. ಬಾತ್‌ರೂಮಿಗೆ ಕರೆದೊಯ್ಯುವುದು, ಬಟ್ಟೆ ಬದಲಿಸುವುದು, ಔಷಧಿ ನುಂಗಿಸುವುದು, ಎಲ್ಲಕ್ಕೂ ಅದೇ ಕೀಲಿಕೈ. ಮನೆಯವರಿಗೆ ಇದು ಗೊತ್ತಿಲ್ಲ ಎಂದೇ ನಂಬಿದ್ದೆ. ಅವರ ಕಿವಿಯ ಸಂಗತಿ ಗೊತ್ತಿದ್ದೂ ನಂಬಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳೋಣ.

ಅವರ ಕಚೇರಿ ಆಗ ಓ ಅಕ್ಷರಕ್ಕೆ ಬಂದಿತ್ತು. ಆ ಒಂಟಿ ಅಕ್ಷರದ ಪದವೇ ಇವರ ಪಾಲಿಗೆ ಬಿದ್ದಿತ್ತು. ಊಟಕ್ಕೆ ಕೂತರೆ ಅದೇ ಮಾತು. "ನೋಡು, ಕರೆದಾಗ ಅನ್ನೋ ಓ ಒಂದು. ದೇವರನ್ನ ಕರೆಯೋ ಓ ಇನ್ನೊಂದು. ಮರೆತಿದ್ದು ನೆನಪಾದ್ರೆ ಓ, ಹೌದಲ್ಲ ಅಂತೀವಿ. ಆಗದವರು ಬಂದ್ರೆ ಓ, ಬಂದ್ರಪ್ಪಾ ದೊಡ್ಡೋರು ಅಂತೀವಿ. ಬರ್ತಾನೋ ಇಲ್ವೋ ಅನ್ನೋವಾಗ ಬಾಲದಲ್ಲಿ ಸೇರ್ಕೊಂಡಿದೆಯಲ್ಲ, ಅದೂ ಓ."

"ಪಲ್ಯ ತಣ್ಣಗಾಗ್ತಿದೆ," ಎಂದೆ.

"ಎಲ್ಲಕ್ಕಿಂತ ಹಳೇದು ಯಾವುದು ಗೊತ್ತಾ? ಹಳೇ ಕಾಲದ ನುಡಿಯಲ್ಲಿ ಓ ಅಂದ್ರೆ ಪ್ರೀತಿಸು ಅಂತ. ಒಂದೇ ಅಕ್ಷರ! ಓಪ ಅಂದ್ರೆ ನಲ್ಲ, ಗಂಡ. ಓವು ಅಂದ್ರೆ ಕಾಪಾಡು."

ಇವರದೊಂದು ವಾದವಿತ್ತು. ಕರೆದಾಗ ಅನ್ನುವ ಓ ಕೂಡ ಆ ಹಳೆಯ ಪ್ರೀತಿಯ ಓ ದಿಂದಲೇ ಹುಟ್ಟಿದ್ದು, ನಾನಿದ್ದೇನೆ, ನಿನ್ನನ್ನು ಕಾಯುತ್ತೇನೆ ಎಂದೇ ಅದರ ಮೊದಲ ಅರ್ಥ ಎಂದು. ಅವರ ದೊಡ್ಡ ಸಂಪಾದಕರು ಅದಕ್ಕೆ ಸೊಪ್ಪು ಹಾಕಿರಲಿಲ್ಲ. "ಬಾಯಿ ತೆರೆದ್ರೆ ಬರೋ ಸದ್ದು ಅದು, ಹಸುಗೂಸೂ ಅನ್ನುತ್ತೆ. ನಿಮ್ಮ ಮಾತಿಗೆ ಆಧಾರ ಎಲ್ಲಿ?" ಎಂದು ಬಾಯಿ ಮುಚ್ಚಿಸಿದ್ದರಂತೆ. ಆಧಾರ ಹುಡುಕುತ್ತೇನೆ ಎಂದು ಇವರು ಹಟ ಹಿಡಿದಿದ್ದರು. ಆ ಹಟ ನನ್ನ ಕಡೆಗೇ ತಿರುಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಆ ಪದದ ಮಾದರಿ ಪುಟಗಳನ್ನು ಸಭೆಯಲ್ಲಿ ಓದಿ ಜನರ ಅಭಿಪ್ರಾಯ ಕೇಳುವ ದಿನ ಬಂತು. ಗ್ರಂಥಾಲಯದ ಮಹಡಿಯ ಮೇಲಿನ ಸಭಾಂಗಣ, ಇವರದೇ ಮಾತು. "ನೀನು ಹೇಗೆ ಬರ್ತೀಯ, ಅಪ್ಪನ್ನ ಬಿಟ್ಟು," ಎಂದು ಹೇಳಿ ಹೊಸ ಶರ್ಟು ತೊಟ್ಟು ಹೋದರು. ಹೋದಮೇಲೆ ನೋಡುತ್ತೇನೆ, ಕನ್ನಡಕದ ಡಬ್ಬಿ ನನ್ನ ಮೆಷಿನ್ನಿನ ಮೇಲೇ ಇದೆ. ಅದಿಲ್ಲದೆ ಇವರು ಒಂದು ಸಾಲೂ ಓದಲಾರರು. ವರ್ಷಗಟ್ಟಲೆ ಕಾದ ದಿನ ವೇದಿಕೆಯ ಮೇಲೆ ಬೆಪ್ಪನ ಹಾಗೆ ನಿಲ್ಲುತ್ತಾರಲ್ಲ! ಮಾವನಿಗೆ ಶೂ ಹಾಕಿಸಿ, ಬಸ್ಸಿಗೆ ಹೋಗೋಣ ಎಂದೆ. ಬಸ್ ಎಂದರೆ ಅವರು ಎಲ್ಲಿಗಾದರೂ ತಯಾರು. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು, ತಿರುವು ಬಂದಾಗಲೆಲ್ಲ ಬ್ರೇಕ್ ಒತ್ತುತ್ತ, "ಗೇರ್ ಇಳಿಸಪ್ಪಾ" ಎಂದು ಆತನಿಗೆ ಬುದ್ಧಿ ಹೇಳುತ್ತ ಬಂದರು.

ನಾವು ಮಹಡಿ ಹತ್ತಿ ಮುಟ್ಟುವ ಹೊತ್ತಿಗೆ ಇವರ ಮಾತು ಶುರುವಾಗಿತ್ತು. ಮುಂದೆ ಹೋಗಿ ಡಬ್ಬಿ ಕೊಡಲು ಸಂಕೋಚವಾಗಿ ಕೊನೆಯ ಸಾಲಿನಲ್ಲಿ ಕೂತೆವು. ಇವರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಮೇಜಿನ ಮೇಲಿಟ್ಟು, "ಕ್ಷಮಿಸಿ, ಎಲ್ಲಾ ಅರ್ಥಾನೂ ತಂದೆ, ಕನ್ನಡಕ ಮಾತ್ರ ಮರೆತೆ" ಎಂದರು. ಸಭೆ ನಕ್ಕಿತು.

ಅಯ್ಯೋ, ಆ ನಗುವೇ ಬರಬಾರದಿತ್ತು. ನನ್ನ ಗಂಡನ ಮಾತಿಗೆ ಯಾರೂ ಎಂದೂ ನಕ್ಕವರಲ್ಲ. ನೆಂಟರ ಮನೆಯಲ್ಲಿ ಅವರು ಬಾಯಿ ತೆರೆದರೆ ಜನ ಹೊರಡಲು ಚಪ್ಪಲಿ ಹುಡುಕುತ್ತಾರೆ. ಇವತ್ತು ಇಷ್ಟು ಜನ ಒಟ್ಟಿಗೆ ನಕ್ಕಾಗ ಅವರ ಮುಖ ಅರಳಿದ್ದನ್ನು ಅಷ್ಟು ದೂರದಿಂದಲೂ ಕಂಡೆ. ನನಗೆ ಹೆಮ್ಮೆಯೇ ಆಯಿತು. ಆಮೇಲೆ ಅವರು, ಓದೋದು ಬೇಡ, ಒಂದು ಕಥೆ ಹೇಳ್ತೀನಿ, ನಮ್ಮ ಮನೆಯದೇ ಎಂದರು.

"ನಮ್ಮಪ್ಪನಿಗೆ ಮರೆವು. ಅವರು ನನ್ನ ಹೆಂಡತೀನ ಅಕ್ಕಾ ಅಂತ ಕರೀತಾರೆ. ಹೇಗೆ ಅಂದ್ರೆ..." ಎಂದು, ಮೈಕನ್ನು ಹತ್ತಿರ ಎಳೆದುಕೊಂಡು, ಕತ್ತು ಕುಗ್ಗಿಸಿ, ನಡುಗುವ ದನಿಯಲ್ಲಿ "ಅಕ್ಕಾ... ಅಕ್ಕಾ..." ಎಂದರು. ಸಾಕ್ಷಾತ್ ಮಾವನ ದನಿ. ಸಭೆ ಘೊಳ್ಳೆಂದಿತು. "ಇವಳು, ಅವರ ಸೊಸೆ, ಬಾಗಿಲು ಹಾಕ್ಕೊಂಡು ಮೆಲ್ಲಗೆ ಓ ಅಂತಾಳೆ! ಅದೇ ನಾನು ಕರೆದ್ರೆ, ಏನ್ರೀ ಅಂತ ಗದರ್ತಾಳೆ!" ಮತ್ತೆ ನಗು. ದೊಡ್ಡ ಸಂಪಾದಕರೂ ಹೊಟ್ಟೆ ಹಿಡಿದು ನಗುತ್ತಿದ್ದರು.

ನನ್ನ ಮೈಯೆಲ್ಲ ಹಿಡಿಯಷ್ಟಾಯಿತು. ಕೈಯಲ್ಲಿದ್ದ ಡಬ್ಬಿಯನ್ನು ಎಷ್ಟು ಒತ್ತಿದೆನೋ, ಅದರ ಮುಚ್ಚಳ ಟಕ್ಕೆಂದಿತು. ಬಾಗಿಲು ಹಾಕಿಕೊಂಡು ಎಂದರಲ್ಲ! ನಾನು ಮುಚ್ಚಿದ ಬಾಗಿಲಿನ ಆಚೆ ನಿಂತು ಪೆನ್ಸಿಲ್ ಹಿಡಿದು ಕೇಳಿಸಿಕೊಂಡಿದ್ದಾರೆ. ಎದ್ದು ಹೋಗೋಣವೆಂದು ಮಾವನ ತೋಳು ಹಿಡಿದೆ. ಅಷ್ಟರಲ್ಲಿ ಅವರೇ ಎದ್ದು ನಿಂತಿದ್ದರು. ಮೈಕಿನ ಆ ಕೂಗು ಅವರ ಕಿವಿಗೆ ಬಿದ್ದಿತ್ತು.

"ಯಾರೋ ಅಕ್ಕನ್ನ ಕರೀತಿದಾರೆ," ಎಂದರು, ಗಟ್ಟಿಯಾಗಿ. ಅಷ್ಟು ಜನ ತಿರುಗಿ ನೋಡಿದರು. ಅಷ್ಟು ಮುಖ ಒಟ್ಟಿಗೆ ಕಂಡು ಮಾವ ಹೆದರಿದರು, ಮಕ್ಕಳ ಹಾಗೆ ಹೆದರಿದರು. "ಅಕ್ಕಾ!" ಎಂದು ಕೂಗಿದರು. "ಅಕ್ಕಾ, ಎಲ್ಲಿದೀಯೇ?"

ಇದೂ ಕಾರ್ಯಕ್ರಮದ ಭಾಗ ಎಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ "ಓ" ಎಂದೆ. ಅವರಿಗೆ ಕೇಳಿಸಲಿಲ್ಲ, ಮತ್ತೆ ಕೂಗಿದರು. "ಓ, ಇಲ್ಲೇ ಇದೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕಾಯಿತು. ವೇದಿಕೆಯ ಮೇಲೆ ನನ್ನ ಗಂಡ ನಮ್ಮನ್ನು ಕಂಡದ್ದು ಆಗ. ನಾನು ಡಬ್ಬಿಯನ್ನು ಕುರ್ಚಿಯ ಮೇಲೆ ಬಿಟ್ಟು, ಮಾವನ ಕೈ ಹಿಡಿದು, ಮೆಟ್ಟಿಲಿಳಿದೆ. ಇಳಿಯುವಾಗ ಒಬ್ಬಾಕೆ ನನ್ನ ಕಡೆ ನೋಡಿ ಕರುಣೆಯಿಂದ ನಕ್ಕಳು. ಅದರ ಬದಲು ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಮುಂದೆ ನಡೆದದ್ದಕ್ಕೆ ಮಾತ್ರ ನನ್ನ ಗಂಡನನ್ನು ದೂರುವಂತಿಲ್ಲ.

ಬಸ್ಸಿನಲ್ಲಿ ಮಾವ ಎಲ್ಲ ಮರೆತು ಖುಷಿಯಾಗಿದ್ದರು. ಬ್ರೇಕ್ ಒತ್ತುತ್ತಿದ್ದರು. "ಅಕ್ಕಾ, ನೋಡೇ, ಇವನಿಗೆ ಕ್ಲಚ್ ಬಿಡೋಕೇ ಬರಲ್ಲ," ಎಂದರು. ಮುಂದಿನ ಸೀಟಿನ ಇಬ್ಬರು ಹುಡುಗಿಯರು ತಿರುಗಿ ನನ್ನನ್ನೂ ಅವರನ್ನೂ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. "ಅಕ್ಕಾ," ಎಂದು ಮಾವ ನನ್ನ ತೋಳು ಅಲ್ಲಾಡಿಸಿದರು. "ಅಕ್ಕಾ, ಓ ಅನ್ನೇ."

"ನಾನು ನಿಮ್ಮ ಅಕ್ಕ ಅಲ್ಲ," ಎಂದೆ. ಹಲ್ಲು ಕಚ್ಚಿಕೊಂಡು ಹೇಳಿದೆ. "ನಿಮ್ಮ ಅಕ್ಕ ಸತ್ತು ಯಾವ ಕಾಲ ಆಯ್ತು. ಇನ್ನೊಂದು ಸಲ ಹಾಗೆ ಕರೀಬೇಡಿ ನನ್ನ. ಮಾನ ಹೋಗ್ತಿದೆ."

ಅವರ ಬಲಗಾಲು ನಿಂತಿತು. ನನ್ನ ಮುಖವನ್ನೇ ನೋಡಿದರು.

"ಸತ್ತೋದ್ಲಾ?" ಎಂದರು. "ನನಗ್ಯಾಕೆ ಯಾರೂ ಹೇಳ್ಲಿಲ್ಲ?"

ಅವರು ನನ್ನ ತೋಳಿನಿಂದ ಕೈ ತೆಗೆದು, ತಮ್ಮ ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಕಡೆ ತಿರುಗಿದರು. ನಮ್ಮ ನಿಲ್ದಾಣದವರೆಗೆ ಒಮ್ಮೆಯೂ ಬ್ರೇಕ್ ಒತ್ತಲಿಲ್ಲ. ಇಳಿಯುವಾಗ ಕೈ ಹಿಡಿಯಹೋದರೆ, "ಬೇಡಮ್ಮಾ, ನಿಮಗ್ಯಾಕೆ ತೊಂದ್ರೆ," ಎಂದರು. ನಿಮಗೆ ಎಂದರು.

ಸಂಜೆ ಮನೆಯವರು ಬಂದರು. ಮೂಗಿನ ಮೇಲೆ ಕನ್ನಡಕವಿತ್ತು. ಬಾಗಿಲಲ್ಲೇ ನಿಂತು, "ಕನ್ನಡಕ ಸಿಕ್ತು," ಎಂದರು. ನಾನು ಮೆಷಿನ್ ತುಳಿಯುತ್ತಲೇ ಇದ್ದೆ. ಚಪ್ಪಲಿ ಬಿಡುತ್ತ, "ತಪ್ಪಾಯ್ತು," ಎಂದರು.

"ಎಷ್ಟನೇ ಅರ್ಥದಲ್ಲಿ?" ಎಂದು ಕೇಳಿದೆ. ಅವರು ತಲೆ ತಗ್ಗಿಸಿ ಒಳಗೆ ಹೋದರು.

ಮಾವನಿಗೆ ಮರುದಿನವೇ ಬಸ್ಸಿನ ಮಾತು ಮರೆತುಹೋಗುತ್ತದೆ ಎಂದು ನಾನು ಧೈರ್ಯ ತಂದುಕೊಂಡಿದ್ದೆ. ಮಾತು ಮರೆತುಹೋಗಿರಲೂಬಹುದು, ಆದರೆ ಕರೆಯಬಾರದು ಎನ್ನುವುದೊಂದು ಎಲ್ಲೋ ಆಳದಲ್ಲಿ ಕೂತುಬಿಟ್ಟಿತು. ಅವರು ಕರೆಯುವುದನ್ನೇ ನಿಲ್ಲಿಸಿದರು. ಒಂದು ಗೇಣು ಹೊಲಿದು ಕಾಲು ನಿಲ್ಲಿಸುತ್ತೇನೆ, ಗೋಡೆಯಾಚೆ ಏನೂ ಇಲ್ಲ. ಮತ್ತೆ ಒಂದು ಗೇಣು, ಮತ್ತೆ ಏನೂ ಇಲ್ಲ. ಹೋಗಿ ನೋಡಿದರೆ ಹಾಸಿಗೆಯ ಅಂಚಿನಲ್ಲಿ ನೆಟ್ಟಗೆ ಕೂತಿರುತ್ತಾರೆ, ಯಾರದೋ ಮನೆಗೆ ಬಂದು ಕರೆಯುವವರೆಗೂ ಕಾಯುವವರ ಹಾಗೆ. ಏನಾದ್ರೂ ಬೇಕಾ ಮಾವಾ ಎಂದರೆ, "ಏನೂ ಬೇಡಮ್ಮಾ, ಬಸ್ ಬಂದಕೂಡ್ಲೆ ಹೊರಡ್ತೀನಿ," ಎನ್ನುತ್ತಾರೆ.

ಒಂದು ದಿನ ಹಾಸಿಗೆ ಕೊಡವುವಾಗ ಅದರ ಕೆಳಗೆ ಪ್ಯಾಂಟು ಸಿಕ್ಕಿತು. ಒದ್ದೆಯಾದದ್ದನ್ನು ನೀಟಾಗಿ ಮಡಚಿ, ಅಂಚಿಗೆ ಅಂಚು ಕೂಡಿಸಿ, ಬಚ್ಚಿಟ್ಟಿದ್ದರು. ಅದರ ಕೆಳಗೆ ಇನ್ನೊಂದು. ಅದು ಒಣಗಿ ಗಟ್ಟಿಯಾಗಿತ್ತು. ಮೊದಲಾಗಿದ್ದರೆ ಅಕ್ಕಾ ಎಂದು ಕೂಗುತ್ತಿದ್ದರು, ನಾನು ಓ ಎಂದು ಓಡುತ್ತಿದ್ದೆ, ಬಾತ್‌ರೂಮು ಹತ್ತು ಹೆಜ್ಜೆ. ಆ ಬಟ್ಟೆಯನ್ನು ಹಿಡಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸಭೆಯಲ್ಲಿ ನನಗಾದದ್ದು ಇದರ ಮುಂದೆ ಏನೂ ಅಲ್ಲ ಎನ್ನಿಸಿತು. ನನ್ನ ಮಾನ ಉಳಿಸಿಕೊಳ್ಳಲು ಹೋಗಿ ಈ ಮನುಷ್ಯನ ಮಾನ ಕಳೆದಿದ್ದೆ.

ಮನೆಯವರು ಇದೆಲ್ಲ ತಮ್ಮಿಂದಲೇ ಆಯಿತು ಎಂದುಕೊಂಡಿದ್ದರು. "ನಾನು ಆ ಥರ ಅಣಕಿಸಿದ್ದು ಅಪ್ಪನ ಮನಸ್ಸಿಗೆ ನಾಟಿದೆ," ಎಂದರು. ದೊಡ್ಡ ಸಂಪಾದಕರಿಗೆ ಆ ಉದಾಹರಣೆ ಬಹಳ ಹಿಡಿಸಿ, ಅಚ್ಚಿಗೆ ಹಾಕೋಣ ಎಂದಿದ್ದರಂತೆ. ಇವರು ಬೇಡವೇ ಬೇಡ ಎಂದು ವಾಪಸ್ ತೆಗೆದುಕೊಂಡರಂತೆ, ತಮ್ಮ ವಾದವನ್ನೂ ಅದರ ಜೊತೆಗೇ. ಕಚೇರಿಗೆ ಹೊರಡುವ ಮೊದಲು ಕೋಣೆಯ ಬಾಗಿಲಲ್ಲಿ ನಿಂತು "ಅಪ್ಪಾ, ಕರೆದ್ರಾ?" ಎಂದು ಕೇಳುತ್ತಾರೆ. "ಇಲ್ಲ ಸಾರ್," ಎನ್ನುತ್ತಾರೆ ಅವರಪ್ಪ. ಪೆಚ್ಚುಮೋರೆ ಹಾಕಿಕೊಂಡು ಹೊರಗೆ ಬಂದು ನನ್ನ ಮುಖ ನೋಡುತ್ತಾರೆ. ನಾನು ಸೂಜಿಗೆ ದಾರ ಪೋಣಿಸುತ್ತ ಕೂರುತ್ತೇನೆ. ಬಸ್ಸಿನ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ನನ್ನ ತಪ್ಪನ್ನು ಅವರ ತಲೆಗೆ ಕಟ್ಟಿ ಬೆಚ್ಚಗೆ ಕೂತಿದ್ದೆ. ಅವರು ತಲೆ ತಗ್ಗಿಸಿದಷ್ಟೂ ನನಗೆ ಒಳಗೊಳಗೇ ಸಮಾಧಾನ. ಇಂಥ ಹೆಂಗಸು ನಾನು ಎಂದು ನನಗೇ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ರಜೆಯ ದಿನ, ಎದುರುಮನೆಯಾಕೆ ಜಾಕೆಟ್ಟಿನ ಜಿಪ್ ಹಾಕಿಸಿಕೊಳ್ಳಲು ಬಂದು ನನ್ನ ಎದುರು ಕೂತಿದ್ದಳು. ಜಿಪ್ಪಿನ ಹಲ್ಲಿನ ಹತ್ತಿರ ಹೊಲಿಗೆ ನಿಧಾನ. ಕಾಲು ನಿಲ್ಲಿಸಿದಾಗ ನೀರಿನ ಸದ್ದು ಕೇಳಿಸಿತು. ಬಾತ್‌ರೂಮಿನಿಂದ ನೀರು ಬಾಗಿಲಡಿಯಲ್ಲಿ ಹರಿದು ಪಡಸಾಲೆಗೆ ಬರುತ್ತಿತ್ತು. ಓಡಿದೆ. ಬಾಗಿಲು ಒಳಗಿನಿಂದ ಹಾಕಿತ್ತು. ಆ ಚಿಲಕವನ್ನು ಮಾವ ಎಂದೂ ಹಾಕುತ್ತಿರಲಿಲ್ಲ, ನಾನು ಜೊತೆಗಿರುತ್ತಿದ್ದೆನಲ್ಲ.

"ಮಾವಾ, ಬಾಗಿಲು ತೆಗೀರಿ."

"ಒಂದು ನಿಮಿಷ ಅಮ್ಮಾ, ಆಯ್ತು," ಎಂದಿತು ಒಳಗಿನ ಮರ್ಯಾದೆಯ ದನಿ. ದನಿ ನಡುಗುತ್ತಿತ್ತು. ಕೆಳಗಿನಿಂದ ಬರುತ್ತಿತ್ತು, ನೆಲದ ಮಟ್ಟದಿಂದ.

"ಬಿದ್ದಿದೀರಾ? ಮಾವಾ, ಬಿದ್ರಾ?"

"ಇಲ್ಲಮ್ಮಾ. ಗಲೀಜಾಗಿದೆ. ನೀವು ಬರಬೇಡಿ. ನಾನೇ ತೊಳೆದು ಹೋಗ್ತೀನಿ, ಯಾರಿಗೂ ಹೇಳಬೇಡಿ."

ಮನೆಯವರು ಓಡಿಬಂದು ಬಾಗಿಲಿಗೆ ಭುಜ ಕೊಟ್ಟು ತಳ್ಳಿದರು. "ಅಪ್ಪಾ, ನಾನು, ನಿನ್ನ ಮಗ!" ಒಳಗೆ ಮಾವ ಹೆದರಿ, "ಸಾರ್, ಹೊಡೀಬೇಡಿ ಸಾರ್," ಎಂದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅದರ ಹಿಂದೆಯೇ ಅವರು ಕೂತಿದ್ದರು. ಮುರಿದರೆ ಅವರ ಮೇಲೇ ಬೀಳುತ್ತದೆ. ನೀರು ನಮ್ಮ ಪಾದಕ್ಕೆ ಬಂದಿತ್ತು, ಮಂಜಿನ ಹಾಗೆ ತಣ್ಣಗಿತ್ತು. ಈ ಚಳಿಯಲ್ಲಿ ಆ ವಯಸ್ಸಿನ ಮೈ ಅದರಲ್ಲಿ ಎಷ್ಟು ಹೊತ್ತಿನಿಂದ ಕೂತಿತ್ತೋ.

"ನನ್ನಿಂದ ಆಯ್ತು, ಎಲ್ಲಾ ನನ್ನಿಂದಲೇ," ಎಂದು ಇವರು ಹಣೆ ಬಡಿದುಕೊಂಡರು.

"ನಿಮ್ಮಿಂದಲ್ಲ," ಎಂದೆ. ಇನ್ನು ತಡೆಯಲಾಗಲಿಲ್ಲ. "ನಾನು ಹೇಳಿದೆ. ಅವತ್ತು ಬಸ್ಸಲ್ಲಿ. ನಿಮ್ಮ ಅಕ್ಕ ಸತ್ತೋಗಿದಾರೆ, ನನ್ನ ಕರೀಬೇಡಿ, ಮಾನ ಹೋಗುತ್ತೆ ಅಂದೆ. ಅವತ್ತಿಂದ ಅವರು ಕರೆದಿಲ್ಲ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಬೈದರೆ ಚೆನ್ನಾಗಿತ್ತು. ಬೈಯಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

"ಈಗ ನೀನು ಕರಿ," ಎಂದರು.

ಅವರು ಏನು ಹೇಳುತ್ತಿದ್ದಾರೆಂದು ತಿಳಿಯಿತು. ಇಷ್ಟು ದಿನ ನಾನು ಮಾಡಿದ್ದು ಓಗೊಡುವುದು ಮಾತ್ರ. ಅದೂ ಬಾಗಿಲು ಮುಚ್ಚಿ, ಏಕವಚನ ಬಹುವಚನದ ಗೊಡವೆಯಿಲ್ಲದ ಒಂದಕ್ಷರದಲ್ಲಿ. ಈಗ ಗಂಡ ಎದುರಿಗೆ ನಿಂತಿದ್ದಾರೆ. ಹಿಂದೆ ಎದುರುಮನೆಯಾಕೆ ಜಾಕೆಟ್ ಎದೆಗವಚಿಕೊಂಡು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದಾಳೆ, ಸಂಜೆಯೊಳಗೆ ಬೀದಿಗೆಲ್ಲ ಹಂಚುತ್ತಾಳೆ. ಬಾಗಿಲಿನಾಚೆ ಇರುವುದು ನನ್ನ ಗಂಡನ ತಂದೆ.

"ತಮ್ಮಾ," ಎಂದೆ. ಗಾಳಿ ಹೊರಟಿತು, ದನಿ ಹೊರಡಲಿಲ್ಲ.

ಕಣ್ಣು ಮುಚ್ಚಿಕೊಂಡೆ. ಬೀದಿ ಕೊನೆಗೆ ಕೇಳಬೇಕು ಎಂದುಕೊಂಡೆ.

"ತಮ್ಮಾ! ಏ ತಮ್ಮಾ! ಎಲ್ಲಿದೀಯೋ? ಬಾರೋ!"

ಒಳಗೆ ನೀರು ಸುರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಗಡಿಬಿಡಿಯಾಗಿ ಏನೋ ಸರಿದಾಡಿತು.

"ಓ!" ಎಂದರು ಮಾವ. ನಾನು ಆವರೆಗೆ ಕೇಳದೇ ಇದ್ದ ದನಿ ಅದು, ಆಟದ ನಡುವಿನಿಂದ ಓಡಿಬರುವ ದನಿ. "ಓ ಅಕ್ಕಾ! ಬಂದೆ, ಬಂದೆ!"

ಚಿಲಕ ಸರಿಯಿತು. ಬಾಗಿಲು ಸ್ವಲ್ಪ ತೆರೆಯಿತು. ಗೋಡೆ ಹಿಡಿದು ಎದ್ದು ನಿಂತಿದ್ದರು, ಎದೆಯವರೆಗೆ ಒದ್ದೆ, ತುಟಿ ನೀಲಿ. ನನ್ನನ್ನು ಕಂಡು ತಲೆ ತಗ್ಗಿಸಿದರು.

"ಬೈಬೇಡಕ್ಕಾ," ಎಂದರು. "ನೀನು ಕರೆದಿದ್ದು ಕೇಳಿಸ್ಲೇ ಇಲ್ಲ. ಕೇಳಿಸಿದ್ರೆ ಆಗ್ಲೇ ಓ ಅಂತಿದ್ದೆ."

ಅವರು ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು. ನನಗೆ ಆ ನೀರಿನಲ್ಲೇ ಕರಗಿಹೋಗಬಾರದೇ ಎನ್ನಿಸಿತು.

"ಬೈಯಲ್ಲ," ಎಂದೆ. "ಬಾ."

ನನ್ನವರು ನಲ್ಲಿ ನಿಲ್ಲಿಸಿ ದೊಡ್ಡ ಟವೆಲ್ ತಂದರು. ನನ್ನ ಕೈಗೆ ಕೊಡದೆ ತಾವೇ ಹೊದಿಸಿ, ಬಗ್ಗಿ, ತಂದೆಯ ಕಾಲುಗಳನ್ನು ಒರೆಸತೊಡಗಿದರು. ಕನ್ನಡಕದ ಮೇಲೆ ನೀರು ಹನಿದಿತ್ತು, ತೆಗೆದು ಒರೆಸಿಕೊಳ್ಳಲಿಲ್ಲ. ಮಾವ ತಮ್ಮ ಪಾದದ ಹತ್ತಿರ ಕೂತ ಆ ಮನುಷ್ಯನನ್ನು ಅನುಮಾನದಿಂದ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು.

"ಇವ್ರು ಯಾರಕ್ಕಾ?"

ಒರೆಸುತ್ತಿದ್ದ ಕೈ ನಿಂತಿತು. ನನ್ನ ಗಂಡ ತಲೆಯೆತ್ತಲಿಲ್ಲ. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದರು.

"ನಮ್ಮೋರೇ ಕಣೋ," ಎಂದೆ.